ನೋಟ್ಸ್ ಆ್ಯಪ್‌ನ ಮೆನುವನ್ನು ಮೌಸ್ ಇಲ್ಲದೆ ತೆರೆಯುವುದು ಹೇಗೆ?

ಪ್ರಶ್ನೆ:
ನಾವೇ ಕಟ್ಟುತ್ತಿರುವ, ಬ್ರೌಸರ್‌ನಲ್ಲಿ ಓಡುವ ನೋಟ್ಸ್ ಆ್ಯಪ್ ಇದು. ‘ಬೇರೆ ಫೋಲ್ಡರ್‌ಗೆ ಸರಿಸು’, ‘ಅಳಿಸು’ ಎಲ್ಲ ಮೂರು ಚುಕ್ಕಿ ಮೆನುವಿನಲ್ಲಿವೆ. ಟ್ಯಾಬ್ ಎಷ್ಟು ಒತ್ತಿದರೂ ಫೋಕಸ್ (ಕೀಬೋರ್ಡ್ ಈಗ ಯಾವುದರ ಮೇಲಿದೆ ಎಂಬ ಗುರುತು) ಅಲ್ಲಿಗೆ ಹೋಗುತ್ತಿಲ್ಲ. ಮೆನು ತೆರೆಯಲು ಕಂಟ್ರೋಲ್+ಕೆ ಕೊಟ್ಟೆವು. ವಿಂಡೋಸ್‌ನಲ್ಲಿ ಕನ್ನಡ ಇನ್‌ಸ್ಕ್ರಿಪ್ಟ್ ಕೀಬೋರ್ಡ್‌ಗೆ ಬದಲಿಸಿದ ಕೂಡಲೇ ಅದೂ ಸತ್ತಂತೆ. ಯಾಕೆ?

ಉತ್ತರ 1:
ಆ ಮೂರು ಚುಕ್ಕಿ ಬಹುಶಃ ಆನ್‌ಕ್ಲಿಕ್ (ಕ್ಲಿಕ್ ಮಾಡಿದಾಗ ಓಡುವ ಕೋಡ್) ಅಂಟಿಸಿದ ಡಿವ್, ಅಂದರೆ ಪುಟದ ಬರೀ ಒಂದು ಚೌಕಟ್ಟು. ಅದನ್ನು ನಿಜವಾದ ಬಟನ್ ಮಾಡಿ. ಟ್ಯಾಬ್, ಎಂಟರ್, ಸ್ಪೇಸ್ ಮೂರೂ ತಾವಾಗಿಯೇ ಬರುತ್ತವೆ. ಮೌಸ್ ಮೇಲೆ ಬಂದಾಗ ಮಾತ್ರ ಕಾಣುವಂತೆ ಇಟ್ಟಿದ್ದರೆ, ಫೋಕಸ್ ಬಂದಾಗಲೂ ಕಾಣಬೇಕು. ಡಿಸ್‌ಪ್ಲೇ-ನನ್ ಹಾಕಿ ಬಚ್ಚಿಟ್ಟ ಬಟನ್‌ಗೆ ಫೋಕಸ್ ಹೋಗುವುದೇ ಇಲ್ಲ, ಒಪಾಸಿಟಿ ಸೊನ್ನೆ ಮಾಡಿ ಪಾರದರ್ಶಕವಾಗಿಸಿ.

ಮೆನು ತೆರೆದಾಗ ಮೊದಲ ಐಟಂಗೆ ಫೋಕಸ್ ಕೊಡಿ. ಒಳಗಿನ ಐಟಂಗಳಿಗೆಲ್ಲ ಟ್ಯಾಬ್‌ಇಂಡೆಕ್ಸ್ -1 (ಟ್ಯಾಬ್ ಒತ್ತಿದಾಗ ಅಲ್ಲಿ ನಿಲ್ಲದಂತೆ), ಓಡಾಟಕ್ಕೆ ಮೇಲೆ-ಕೆಳಗಿನ ಬಾಣದ ಕೀ. ಎಸ್ಕೇಪ್ ಒತ್ತಿದರೆ ಮೆನು ಮುಚ್ಚಿ ಫೋಕಸ್ ಅದೇ ಬಟನ್‌ಗೆ ಮರಳಬೇಕು. ‘ಅಳಿಸು’ ಮಾತ್ರ ಬೇರೆ ಕಥೆ: ನೋಟ್ ಜೊತೆ ಅದರ ಬಟನ್ ಕೂಡ ಮಾಯ. ಪಟ್ಟಿಯ ಮುಂದಿನ ನೋಟ್‌ಗೆ ಫೋಕಸ್ ಕೊಡದಿದ್ದರೆ ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಬಳಸುವವರು ಮತ್ತೆ ಪುಟದ ತಲೆಯಿಂದ ಶುರು ಮಾಡಬೇಕಾಗುತ್ತದೆ.

ಉತ್ತರ 2:
ಶಾರ್ಟ್‌ಕಟ್‌ನ ವಿಷಯ: ಗುಂಡಿ ಒತ್ತಿದಾಗ ಬ್ರೌಸರ್ ಕಳಿಸುವ ಈವೆಂಟ್‌ನಲ್ಲಿ ‘ಕೀ’ (ಬಂದ ಅಕ್ಷರ), ‘ಕೋಡ್’ ಎಂಬ ಎರಡು ಮಾಹಿತಿ ಇರುತ್ತವೆ; ನಿಮ್ಮ ಪ್ರೋಗ್ರಾಂ ‘ಕೀ’ ನೋಡುತ್ತಿದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಅದೇ ಗುಂಡಿ ಕೊಡುವುದು ‘ಕ’. ಹಾಗಂತ ಎಲ್ಲ ಕಡೆ ‘ಕೋಡ್’ಗೆ ಬದಲಿಸಬೇಡಿ, ಅದು ಗುಂಡಿಯ ಜಾಗ ಮಾತ್ರ ಹೇಳುತ್ತದೆ, ಫ್ರೆಂಚ್ ಕೀಬೋರ್ಡ್‌ನವರಿಗೆ ಎ ಮತ್ತು ಕ್ಯೂ ಅದಲುಬದಲಾಗುತ್ತವೆ. ಬಂದದ್ದು ಲ್ಯಾಟಿನ್ ಅಕ್ಷರವಾದರೆ ‘ಕೀ’, ಅಲ್ಲದಿದ್ದರೆ ‘ಕೋಡ್’.

ಕಂಟ್ರೋಲ್+ಆಲ್ಟ್ ಜೋಡಿಯ ಗೋಜಿಗೆ ಹೋಗಬೇಡಿ. ವಿಂಡೋಸ್ ಅದನ್ನು ವಿಶೇಷ ಚಿಹ್ನೆ ತರುವ ಬಲಗಡೆಯ ಆಲ್ಟ್‌ಜಿಆರ್ ಕೀ ಎಂದೇ ಎಣಿಸುತ್ತದೆ. ಇಂಗ್ಲಿಷ್ (ಇಂಡಿಯಾ) ಲೇಔಟ್‌ನಲ್ಲಿ ಅದರ ಜೊತೆ 4 ಒತ್ತಿದರೆ ಬರುವುದು ₹. ಕ್ರೋಮ್ ಟ್ಯಾಬ್‌ನಲ್ಲಿ ಕಂಟ್ರೋಲ್ ಜೊತೆಗಿನ ಎನ್, ಟಿ, ಡಬ್ಲ್ಯು ನಿಮ್ಮ ಕೈಗೆ ಸಿಗುವುದೇ ಇಲ್ಲ. ಒಂಟಿ ಅಕ್ಷರದ ಶಾರ್ಟ್‌ಕಟ್ ಇಟ್ಟರೆ ಆಫ್ ಮಾಡುವ ಇಲ್ಲವೇ ಬದಲಿಸುವ ಸೌಲಭ್ಯ ಕೊಡಿ, ಎಲ್ಲರಿಗೂ ಬಳಸಲಾಗುವ ವೆಬ್‌ಗಾಗಿನ ಮಾರ್ಗಸೂಚಿ ಡಬ್ಲ್ಯುಸಿಎಜಿಯ 2.1.4ನೇ ಅಂಶ ಕೇಳುವುದು ಅದನ್ನೇ.

ಪ್ರಶ್ನೆ ಕೇಳಿದವರು:
ಬಟನ್ ಸರಿಹೋಯಿತು, ಶಾರ್ಟ್‌ಕಟ್ ಕೂಡ. ಆದರೆ ಎಡಿಟರ್ ಒಳಗೆ ಟ್ಯಾಬ್ ಒತ್ತಿದರೆ ಸಾಲು ಒಳಕ್ಕೆ ಸರಿಯುತ್ತದೆ, ಹೊರಗೆ ಬರಲು ದಾರಿಯೇ ಇಲ್ಲ.

ಉತ್ತರ 2:
ಎಸ್ಕೇಪ್ ಒತ್ತಿದ ಮೇಲಿನ ಮೊದಲ ಟ್ಯಾಬ್ ಹೊರಗೆ ಹೋಗಲಿ, ಉಳಿದಂತೆ ಸಾಲು ಸರಿಸಲಿ. ಇದನ್ನು ಎಡಿಟರ್‌ನ ಏರಿಯಾ-ಡಿಸ್ಕ್ರೈಬ್ಡ್‌ಬೈನಲ್ಲಿ (ಸ್ಕ್ರೀನ್ ರೀಡರ್ ಓದುವ ವಿವರಣೆಯನ್ನು ಜೋಡಿಸುವ ಗುಣ) ಒಂದು ಸಾಲಿನಲ್ಲಿ ತಿಳಿಸಿ. ಹೇಳದಿದ್ದರೆ ಯಾರಿಗೂ ಹೊಳೆಯುವುದಿಲ್ಲ.