ಎಂಟನೇ ಕ್ಲಾಸಿನ ಗಣಿತ: "ಬಂತು", "ಇನ್ನೂ ಇಲ್ಲ" ಅಂತ ಟೆಸ್ಟ್ ಮಾಡುತ್ತಿದ್ದೇನೆ, ರಿಜಿಸ್ಟರಿಗೆ ಏನು ಬರೆಯಲಿ?

ಲೆಕ್ಕದ_ಮಾಸ್ತರ್_ಮಾನ್ವಿ:

ನಮಸ್ಕಾರ. ಮಾನ್ವಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಎಂಟನೇ ಕ್ಲಾಸಿನಲ್ಲಿ 43 ಮಕ್ಕಳು. ಹೋದ ವರ್ಷ ಪರಿಮೇಯ ಸಂಖ್ಯೆಗಳ (ಧನ, ಋಣ ಭಿನ್ನರಾಶಿಗಳ) ಪಾಠ ಮುಗಿಸಿ ಟೆಸ್ಟ್ ಕೊಟ್ಟೆ. ಹತ್ತಕ್ಕೆ ಐದು, ಆರು ತೆಗೆದವರೇ ಜಾಸ್ತಿ. ಪರವಾಗಿಲ್ಲ ಅಂತ ಮುಂದಿನ ಪಾಠಕ್ಕೆ ಹೋದೆ. ಸಮೀಕರಣ ಶುರುವಾದ ಮೇಲೆ ಗೊತ್ತಾಯಿತು, ಅರ್ಧ ಕ್ಲಾಸಿಗೆ ಭಿನ್ನರಾಶಿ ಕೂಡಿಸಲಿಕ್ಕೇ ಬರುವುದಿಲ್ಲ. 1/2ಕ್ಕೆ 1/3 ಕೂಡಿಸು ಅಂದರೆ 2/5 ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. "ಅರ್ಧ ರೊಟ್ಟಿ ತಿಂದವನಿಗೆ ಇನ್ನೊಂದು ತುಂಡು ಕೊಟ್ಟರೆ ಅರ್ಧಕ್ಕಿಂತ ಕಮ್ಮಿ ಆಗ್ತದೇನೋ?" ಅಂದೆ. ಎಲ್ಲರೂ ನಕ್ಕರು. ಮರುದಿನ ಮತ್ತೆ 2/5. ಹಾಗಾದರೆ ಆ ಐದಾರು ಅಂಕ ಎಲ್ಲಿಂದ ಬಂದವು? ಬರುವ ಲೆಕ್ಕ ಮಾಡಿದ್ದರು, ಬಾರದ್ದನ್ನು ಬಿಟ್ಟಿದ್ದರು, ಅಷ್ಟೇ. ನಾನೂ ಬಿಟ್ಟು ಮುಂದೆ ಹೋಗಿದ್ದೆ.

ಈ ವರ್ಷ ಆ ಪಾಠವನ್ನು ಆರು ಸಣ್ಣ ಕೆಲಸಗಳಾಗಿ ಒಡೆದೆ. ಛೇದ ಸಮ ಮಾಡುವುದು, ಋಣ ಚಿಹ್ನೆ ಇದ್ದಾಗ ಕೂಡಿಸುವುದು, ಸಂಖ್ಯಾರೇಖೆಯ ಮೇಲೆ ಗುರುತಿಸುವುದು, ಹೀಗೆ. ಒಂದೊಂದಕ್ಕೂ ಐದು ಲೆಕ್ಕದ ಒಂದು ಚೀಟಿ. ನಾಲ್ಕು ಸರಿ ಇದ್ದರೆ "ಬಂತು". ಇಲ್ಲವೆಂದರೆ "ಇನ್ನೂ ಇಲ್ಲ". ಅಂಕ ಹಾಕುವುದಿಲ್ಲ. ಕಲಿತು ಬಂದು ಬೇರೆ ಚೀಟಿಯಲ್ಲಿ ಮತ್ತೆ ಬರೆಯಬಹುದು.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ 1968ರಲ್ಲೇ ಹೇಳಿದ್ದು. ಎಲ್ಲರಿಗೂ ಒಂದೇ ಸಮಯ ಕೊಟ್ಟರೆ ಕಲಿಕೆ ಹೆಚ್ಚು ಕಮ್ಮಿ ಆಗುತ್ತದೆ, ಎಲ್ಲರೂ ಕಲಿಯಬೇಕೆಂದರೆ ಸಮಯ ಹೆಚ್ಚು ಕಮ್ಮಿ ಆಗಲಿ ಅನ್ನುವುದು ಅದರ ತಿರುಳು. (ಬಿ.ಎಡ್.ನಲ್ಲಿ ಬ್ಲೂಮ್ ಹೆಸರಲ್ಲಿ ಉದ್ದೇಶಗಳ ಪಟ್ಟಿ ಬಾಯಿಪಾಠ ಮಾಡಿದ್ದೇ ಮಾಡಿದ್ದು. ಇದನ್ನು ಯಾರೂ ಹೇಳಲಿಲ್ಲ.)

ಈಗ ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಮೊದಲ ಚೀಟಿಯನ್ನು ಕೆಲವರು ಸುಮ್ನೆ ಗೀಚುತ್ತಾರೆ. "ಆಮೇಲೆ ಬರೀತೀನಿ ಸರ್" ಅನ್ನುವುದು ಚಟ ಆಗಿದೆ. ಎರಡನೆಯದು ವರ್ಷದ ನಡುವಿನ ಮೌಲ್ಯಮಾಪನದ, ಅಂದರೆ ಎಫ್‌ಎ ಅಂಕ. ಮಕ್ಕಳ ಅಂಕ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ "ಇನ್ನೂ ಇಲ್ಲ" ಅಂತ ತುಂಬಲು ಬರುವುದಿಲ್ಲವಲ್ಲ! ಮೊದಲು ಎರಡು ಸರಿ, ಆಮೇಲೆ ಐದು ಸರಿ ಮಾಡಿದವನಿಗೆ ಸರಾಸರಿ ಕೊಡಲೋ, ಕೊನೆಯದೋ? ಸ್ಟಾಫ್ ರೂಮಿನಲ್ಲಿ ಒಬ್ಬರು "ಅಂಕ ಹಂಚುತ್ತಿದ್ದೀರಿ" ಅಂದುಬಿಟ್ಟರು. ಮೂರನೆಯದು ಹತ್ತಿ. ಹತ್ತಿ ಬಿಡಿಸುವ ಕಾಲಕ್ಕೆ ಹತ್ತು ಹನ್ನೆರಡು ಮಕ್ಕಳು ವಾರಗಟ್ಟಲೆ ಬರುವುದೇ ಇಲ್ಲ.

ಕುಷ್ಟಗಿ_ಟೀಚರ್:

ಸರ್, ನೀವು ಹೊಸದು ಅಂದುಕೊಂಡದ್ದನ್ನು ನಾವು ಒಂದರಿಂದ ಮೂರನೇ ತರಗತಿಯಲ್ಲಿ ದಿನಾ ಮಾಡುತ್ತೇವೆ. ನಲಿ-ಕಲಿ ಅಂದರೆ ಅದೇ ಅಲ್ವಾ? 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು. ಕಲಿಕೆಯ ಏಣಿ, ಅದರಲ್ಲಿ ಮೆಟ್ಟಿಲು, ಕೈಯಲ್ಲಿ ಕಾರ್ಡು. ವಾರ ಬಿಟ್ಟು ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ನಾಲ್ಕನೇ ಕ್ಲಾಸಿಗೆ ಹೋದ ಕೂಡಲೇ ಏಣಿ ತೆಗೆದುಬಿಡುತ್ತೇವೆ. ನಿಮ್ಮ ಹತ್ತಿ ಮಕ್ಕಳಿಗೂ ಹಾಗೇ ಮಾಡಿ, ಕ್ಲಾಸು ಎಲ್ಲಿದೆ ನೋಡಬೇಡಿ, ಅವರ ಚೀಟಿ ಎಲ್ಲಿ ನಿಂತಿದೆ ನೋಡಿ.

ಸರಾಸರಿ ಮಾತ್ರ ಬೇಡವೇ ಬೇಡ. ನಮ್ಮ ಅತ್ತೆ ನನಗೆ ರೊಟ್ಟಿ ಬಡಿಯಲು ಕಲಿಸುವಾಗ ಒಂದು ತಿಂಗಳು ಹರಿದದ್ದೇ ಹರಿದದ್ದು. ಈಗ ಮನೆಗೆ ಬಂದವರು ಆ ಹರಿದ ರೊಟ್ಟಿಯನ್ನೂ ಸೇರಿಸಿ ಲೆಕ್ಕ ಹಾಕುತ್ತಾರಾ?

ಗೀಚುವವರಿಗೆ ಒಂದು ಉಪಾಯ. ತಪ್ಪಾದ ಲೆಕ್ಕವನ್ನು ಮನೆಯಲ್ಲಿ ಸರಿ ಮಾಡಿ, ಎಲ್ಲಿ ತಪ್ಪಿದೆ ಅಂತ ಒಂದು ಸಾಲು ಬರೆದು ತಂದರೆ ಮಾತ್ರ ಎರಡನೇ ಚೀಟಿ ಕೊಡಿ. ಅದೂ ಅದೇ ದಿನ ಬೇಡ. ಮತ್ತೆ, ಹೆಸರು ಬರೆದು ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ. ನಮ್ಮ ಚಿಕ್ಕವರಿಗೆ ಅದು ಆಟ. ಎಂಟನೇ ಕ್ಲಾಸಿನವರಿಗೆ ಮಾನದ ಪ್ರಶ್ನೆ.

ಬಳ್ಳಾರಿ_ಪಿಯು:

ಒಳ್ಳೆ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಕ್ಲಾಸಿಗೆ ಬಂದು ಕೂರುವವರು ನಿಮ್ಮ ಮಕ್ಕಳೇ. ಭೌತಶಾಸ್ತ್ರದ ಲೆಕ್ಕದಲ್ಲಿ ಛೇದ ಕಂಡರೆ ಈಗಲೂ ಬೆವರುತ್ತಾರೆ. ಐದು ಲೆಕ್ಕದ ಚೀಟಿಯಲ್ಲಿ ಸೋಮವಾರ "ಬಂತು", ಯುಗಾದಿಗೆ ಮರೆತು ಹೋಯಿತು ಅಂದರೆ ಅದು ಬಂದಂತೆಯೇ? ಒಂದೇ ನಮೂನೆಯ ಐದು ಲೆಕ್ಕ ಕೊಟ್ಟರೆ ಎರಡನೆಯದು ನೋಡಿ ಮೂರನೆಯದು ಮಾಡುತ್ತಾರೆ. ಇನ್ನೊಂದು, ಪಬ್ಲಿಕ್ ಪರೀಕ್ಷೆಯಲ್ಲಿ "ಆಮೇಲೆ ಬರೀತೀನಿ" ನಡೆಯುತ್ತದಾ?

ಲೆಕ್ಕದ_ಮಾಸ್ತರ್_ಮಾನ್ವಿ:

ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ ಸರ್. ನಡೆಯುತ್ತದೆ! 2024ರಿಂದ ಎಸ್ಸೆಸ್ಸೆಲ್ಸಿಗೂ ಪಿಯುಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಜಾಸ್ತಿ ಬಂದದ್ದೇ ಉಳಿಯುತ್ತದೆ. ಸರಾಸರಿ ತೆಗೆಯುವುದಿಲ್ಲ. ನೀವೇ ಪೇಪರ್ ತಿದ್ದುವವರು, ನನಗಿಂತ ಚೆನ್ನಾಗಿ ಗೊತ್ತು.

ಆದರೆ ಮರೆವಿನ ಮಾತು ನಿಜ. ನಿನ್ನೆಯೇ ಪರೀಕ್ಷಿಸಿ ನೋಡಿದೆ. ಜುಲೈಯಲ್ಲಿ "ಬಂತು" ಆದ ಒಂಬತ್ತು ಜನರಿಗೆ ಅದೇ ಕೆಲಸದ ಒಂದು ಲೆಕ್ಕ ಕೊಟ್ಟೆ. ನಾಲ್ಕು ಜನ ತಪ್ಪಿದರು. ಅದರಲ್ಲೊಬ್ಬ ಮತ್ತೆ ಮೇಲಿನದಕ್ಕೆ ಮೇಲಿನದು ಕೂಡಿಸಿದ. ಹೊಟ್ಟೆ ಉರಿಯಿತು.

ಸಿಂಧನೂರು_ಪಾಲಕ:

ನಾನು ಮಾಸ್ತರ್ ಅಲ್ಲ, ರೈತ. ಮಗನ ಕಾರ್ಡಿನಲ್ಲಿ ಗಣಿತಕ್ಕೆ ಬಿ+ ಇತ್ತು. ಕೇಳಿದರೆ 50ರಿಂದ 69ರ ಒಳಗೆ ಅಂದರು. ಅದರಿಂದ ನನಗೇನು ತಿಳಿಯಿತು? ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಒಂದು ಚೀಟಿ ಬರೆದುಕೊಟ್ಟಿದ್ದರೆ ಅವನ ಅಕ್ಕನ ಹತ್ತಿರ ಹೇಳಿಸುತ್ತಿದ್ದೆ. ನಿಮ್ಮ ಆರು ಕೆಲಸದ ಪಟ್ಟಿಯನ್ನು ಮನೆಗೂ ಕಳಿಸಿ ಸರ್.

ಲೆಕ್ಕದ_ಮಾಸ್ತರ್_ಮಾನ್ವಿ:

ಯಜಮಾನರೇ, ಇದು ನನಗೆ ಹೊಳೆದೇ ಇರಲಿಲ್ಲ. ಕಳಿಸುತ್ತೇನೆ.

ಎರಡು ವಾರದಲ್ಲಿ ಬದಲಾಯಿಸಿದ್ದು ಇಷ್ಟು. ಮರುಪರೀಕ್ಷೆ ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಮಾತ್ರ. ತಪ್ಪು ತಿದ್ದಿದ ಹಾಳೆ ತಾರದವರಿಗೆ ಚೀಟಿ ಇಲ್ಲ. ಮೊದಲ ಶನಿವಾರ ಹಾಳೆ ತಂದವರು ಏಳೇ ಜನ, ಹೋದ ಶನಿವಾರ ಹತ್ತೊಂಬತ್ತು. ಐದು ಲೆಕ್ಕದಲ್ಲಿ ನಾಲ್ಕು ಹೊಸದು, ಒಂದು ಹಿಂದಿನ ಕೆಲಸದ್ದು. ಹಳೆಯದು ತಪ್ಪಿದರೆ ಅದರ "ಬಂತು" ವಾಪಸ್. ಇದಕ್ಕೆ ಮಕ್ಕಳು ಗಲಾಟೆ ಮಾಡಿದರು, ಅನ್ಯಾಯ ಅಂದರು. ಮಾಡಲಿ. ಎಫ್‌ಎಗೆ, ಆರರಲ್ಲಿ ಆ ದಿನದವರೆಗೆ ಎಷ್ಟು ಬಂದಿವೆಯೋ ಅದನ್ನೇ ಅಂಕಕ್ಕೆ ತಿರುಗಿಸಿ ತುಂಬುತ್ತೇನೆ. ಚೀಟಿಗಳನ್ನೆಲ್ಲ ಫೈಲ್ ಮಾಡಿಟ್ಟಿದ್ದೇನೆ. ಅಂಕ ಹಂಚುತ್ತೀರಿ ಅಂದವರ ಮೇಜಿನ ಮೇಲೆ ಒಂದು ದಿನ ಇಟ್ಟು ಬಂದೆ. ಅವರು ಏನೂ ಅನ್ನಲಿಲ್ಲ, ಆದರೆ ಮಧ್ಯಾಹ್ನ ಒಂದು ಖಾಲಿ ಚೀಟಿ ಕೇಳಿ ತೆಗೆದುಕೊಂಡರು.

ಹತ್ತಿಗೆ ಹೋಗಿದ್ದ ಒಬ್ಬ ಹುಡುಗಿ ಮೂರು ವಾರ ಬಿಟ್ಟು ಮೊನ್ನೆ ಬಂದಳು. ಹೋದ ವರ್ಷ ಆಗಿದ್ದರೆ ಗೈರು ಅಂತ ಬರೆದು ಮುಗಿಸುತ್ತಿದ್ದೆ. ಮೂರನೇ ಚೀಟಿಯಲ್ಲಿ ನಿಂತಿದ್ದಳು, ಅಲ್ಲಿಂದಲೇ ಕೂರಿಸಿದೆ. ತಮಾಷೆ ಏನೆಂದರೆ, ಮೂವತ್ತೇಳೂವರೆ ಕೆಜಿ ಹತ್ತಿಗೆ ಅವರವ್ವನ ಕೂಲಿ ಎಷ್ಟು ಅಂತ ಬಾಯಲ್ಲೇ ಹೇಳುತ್ತಾಳೆ. ಅದನ್ನೇ 75/2 ಅಂತ ಬರೆದುಕೊಟ್ಟರೆ ಪೆನ್ನು ಕಚ್ಚಿಕೊಂಡು ಕೂರುತ್ತಾಳೆ. ಈ ಶನಿವಾರದ ಚೀಟಿಯಲ್ಲಿ ಮೊದಲನೆಯದು ಹತ್ತಿ ತೂಕದ ಲೆಕ್ಕವೇ.

ಮುಂದಿನದು ಸಮೀಕರಣದ ಪಾಠ. ಯಾರಾದರೂ ಅದನ್ನು ಹೀಗೆ ಒಡೆದು ಚೀಟಿ ಮಾಡಿಕೊಂಡಿದ್ದರೆ ಫೋಟೋ ಹಾಕಿ. ಒಂದೊಂದಕ್ಕೂ ಮೂರು ನಮೂನೆ ಬರೆದು ಬರೆದು ಕೈ ಸೋತಿದೆ.