ಬೇರೆ ಸ್ಟೇಟಿಂದ ಲಾರಿ ತಗೊಂಡು ತಂದೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ

ಚಳ್ಳಕೆರೆ ಹಿಂಡಿ ಲೋಡ್:
ಎಲ್ರಿಗೂ ನಮಸ್ಕಾರ. ತಮಿಳ್ನಾಡಿನ ನಾಮಕ್ಕಲ್‌ನಲ್ಲಿ ಒಂದು ಹತ್ತು ಚಕ್ರದ ಗಾಡಿ ನೋಡ್ಕೊಂಡ್ ಬಂದಿದೀನಿ, 2018 ಮಾಡೆಲ್, ಬಿಎಸ್ 4, ಬಾಡಿ ಚೆನ್ನಾಗಿದೆ, ಇಂಜಿನ್ ಸೌಂಡೂ ಪರವಾಗಿಲ್ಲ, ನಮ್ ಕಡೆ ರೇಟಿಗಿಂತ ಕಮ್ಮಿಗೆ ಕೊಡ್ತಿದಾರೆ. ಆದ್ರೆ ಓನರ್ ಏನಂತಾರೆ ಅಂದ್ರೆ ಪೂರ್ತಿ ದುಡ್ಡು ಕೊಟ್ಟು ಗಾಡಿ ತಗೊಂಡ್ ಹೋಗಿ, ಹೆಸರು ಟ್ರಾನ್ಸ್‌ಫರ್ ಮಾಡೋ 29, 30 ಫಾರಂಗೆ ಈಗ್ಲೇ ಸೈನ್ ಹಾಕ್ಕೊಡ್ತೀನಿ, ಎನ್‌ಒಸಿ (ಗಾಡಿ ಬೇರೆ ಸ್ಟೇಟಿಗೆ ಹೋಗೋಕೆ ಅಲ್ಲಿನ ಆರ್‌ಟಿಒ ಕೊಡೋ ಒಪ್ಪಿಗೆ ಪತ್ರ) ಹದಿನೈದು ದಿನದಲ್ಲಿ ಕೊರಿಯರ್ ಮಾಡ್ತೀನಿ ಅಂತ. ಬ್ರೋಕರೂ ಅದಕ್ಕೇ ತಾಳ ಹಾಕ್ತಾನೆ. ಹಿಂಗೆ ತಂದ್ರೆ ತೊಂದ್ರೆ ಆಗುತ್ತಾ? ಕೆಎ 16 (ಚಿತ್ರದುರ್ಗ ಆರ್‌ಟಿಒ) ಮಾಡಿಸ್ಬೇಕು.

ಎರಡು ಗಾಡಿ ಓನರ್:
ಕೊಡ್ಬೇಡಿ. ನಾನೂ ಹಿಂಗೇ ಕೊಟ್ಟು ಕೂತೋನು. ಗಾಡಿ ಒಂದೂವರೆ ದಿನಕ್ಕೆ ಮನೆ ಮುಂದೆ ಬಂತು, ಪೇಪರ್ ಬರೋಕೆ ಐದು ತಿಂಗಳು. ಲೋನ್ ತೀರಿದೆ ಅಂದಿದ್ರು, ಫೈನಾನ್ಸ್‌ದು ಲೆಟರೂ ತೋರಿಸಿದ್ರು, ಆದ್ರೆ ಆರ್‌ಸಿಲಿ ಎಚ್‌ಪಿ ಎಂಟ್ರಿ (ಗಾಡಿ ಮೇಲೆ ಸಾಲ ಇದೆ ಅನ್ನೋದು) ಹಂಗೇ ಇತ್ತು, ಅದನ್ನ ತೆಗೆಸೋ 35 ಫಾರಂಗೆ ಫೈನಾನ್ಸ್‌ನೋರ ಸೀಲ್ ಸೈನ್ ಬೇಕು, ಅವ್ರು ನೋಡಿದ್ರೆ ಅದೇ ಓನರ್ ಇನ್ನೊಂದು ಗಾಡಿ ಸಾಲ ಬಾಕಿ ಇಟ್ಕೊಂಡಿದಾನೆ ಅದು ಕಟ್ಟೋವರೆಗೂ ಕೊಡಲ್ಲ ಅಂತ ಕೂತ್ರು. ಗಾಡಿ ಬೇವಿನ ಮರದ ಕೆಳಗೆ, ಇಎಂಐ ಮಾತ್ರ ತಿಂಗಳು ತಿಂಗಳು ಕರೆಕ್ಟಾಗಿ ಕಟ್ ಆಗ್ತಿತ್ತು, ಕೋಳಿ ಎಲ್ಲಾ ಕ್ಯಾಬಿನ್ ಒಳಗೆ ಮೊಟ್ಟೆ ಇಡ್ತಿದ್ವು.

ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡ್ಕೊಳ್ಳಿ, ಎಚ್‌ಪಿ ಕ್ಯಾನ್ಸಲ್, ಟ್ಯಾಕ್ಸ್, ಇ-ಚಲನ್, ಪರ್ಮಿಟ್ ಸರೆಂಡರ್ ಎಲ್ಲಾ ಅವ್ರ ಕೆಲ್ಸ, ಅದೆಲ್ಲ ಕ್ಲಿಯರ್ ಆಗದೆ 28ನೇ ಫಾರಂ ಎನ್‌ಒಸಿ ಸಿಗೋದು ಕಷ್ಟ. ಎನ್‌ಒಸಿ ಕೈಗೆ ಬಂದ ದಿನ ಬ್ಯಾಲೆನ್ಸ್, ಅದೂ ಅಕೌಂಟಿಗೆ. ಓನರ್ ಒಪ್ಪಲಿಲ್ಲ ಅಂದ್ರೆ ಒಂದು ಮಾತು ಹೇಳಿ, ಆರ್‌ಸಿಲಿ ಅವ್ರ ಹೆಸರು ಇರೋವರೆಗೂ ಗಾಡಿ ಎಲ್ಲಾದ್ರೂ ಗುದ್ದಿದ್ರೆ ಕೇಸಲ್ಲಿ ಓನರ್ ಅಂತ ಅವ್ರೇ ನಿಲ್ಬೇಕು, 2018ರಲ್ಲಿ ಸುಪ್ರೀಂ ಕೋರ್ಟೇ ಹಂಗೆ ಹೇಳಿದೆ. ಇದು ತಲೆಗೆ ಹೋದ್ರೆ ಅವ್ರೇ ಆರ್‌ಟಿಒಗೆ ಓಡ್ತಾರೆ.

ಹುಬ್ಬಳ್ಳಿ ಕಾಕಾ:
ನಾ ಕೊಲ್ಹಾಪುರದಿಂದ ತಂದಿದ್ದು, ಎಂಎಚ್ 09. ಒಂದ ಮಾತು ನೆನಪ ಇಟ್ಕೋರಿ ತಮ್ಮಾ, ಎನ್‌ಒಸಿ ಮ್ಯಾಲ ಯಾವ ಆರ್‌ಟಿಒ ಅಂತ ಬರದಿರ್ತದ, ಅದನ್ನ ಅಪ್ಲಿಕೇಶನ್ ಹಾಕೂ ಮುಂದನ ನೋಡ್ಬೇಕು. ನಂದು ಹುಬ್ಬಳ್ಳಿ ಅಡ್ರೆಸ್, ಅಂದ್ರ ಕೆಎ 63. ಆ ಏಜೆಂಟ್ ಪುಣ್ಯಾತ್ಮ 25 ಅಂದ್ರ ಧಾರವಾಡ ಅಂತ ಹಾಕಿದ್ದ. ಎರಡೂ ಒಂದ ಊರ ಇದ್ದಂಗ ಅಲ್ಲೇನು ಅಂತ ನಗತಾನ ಮತ್ತ. ಅದನ್ನ ಸರಿ ಮಾಡ್ಸಾಕ ನಿಪ್ಪಾಣಿ ದಾಟಿ ಎರಡ ಸಲ ಹೋಗಿ ಬಂದೆ, ಟೋಲ್ ಬ್ಯಾರೆ. ನೀವು 16 ಅಂತ ಕಣ್ಣಾರ ನೋಡೇ ರೊಕ್ಕಾ ಬಿಚ್ರಿ.

ಇನ್ನ ಚಾಸಿ ನಂಬರ್. ಬಣ್ಣಾ ಕೆರದು, ಪೇಪರ್ ಇಟ್ಟು ಪೆನ್ಸಿಲ್ ತಿಕ್ಕಿ ಪ್ರಿಂಟ್ ತಗೀರಿ, ಆರ್‌ಸಿ ಜೋಡಿ ಒಂದೊಂದ ಅಕ್ಷರ ಕೂಡಿಸಿ ನೋಡ್ರಿ. ಇಲ್ಲಿ ಇನ್ಸ್‌ಪೆಕ್ಟರ್ ಗಾಡಿ ನೋಡೂ ಮುಂದ ಅದನ್ನ ಮೊದಲ ನೋಡ್ತಾರ. ತುಕ್ಕು ಹಿಡದು ಅಳಿಸಿದ್ದ ನಂಬರ್ ಇದ್ರ ಆ ಗಾಡಿ ಎಷ್ಟ ಸಸ್ತಾ ಇದ್ರೂ ಬ್ಯಾಡ್ರಿ.

ಚಳ್ಳಕೆರೆ ಹಿಂಡಿ ಲೋಡ್:
ಥ್ಯಾಂಕ್ಸ್ ಅಣ್ಣ. ಬರೋವಾಗ ಖಾಲಿ ಯಾಕೆ ತರ್ಬೇಕು ಸೇಲಂನಿಂದ ಬೆಂಗ್ಳೂರಿಗೆ ಒಂದು ಲೋಡ್ ಹಾಕ್ಕೊಡ್ತೀನಿ ಡೀಸೆಲ್ ಖರ್ಚಾದ್ರೂ ಬರುತ್ತೆ ಅಂತಿದಾನೆ ಬ್ರೋಕರ್.

ಸ್ಟೇರಿಂಗ್ ಹಿಡಿದು 22 ವರ್ಷ:
ಬ್ರೋಕರ್‌ಗೆ ಆ ಲೋಡಿಂದಲೂ ಕಮಿಷನ್ ಬರುತ್ತೆ ಅಷ್ಟೆ. ಎನ್‌ಒಸಿ ಆಗಿದೆ ಅಂದ್ರೆ ಪರ್ಮಿಟ್ ಸರೆಂಡರ್ ಆಗಿದೆ ಅಂತ ಅರ್ಥ, ಪರ್ಮಿಟ್ ಇಲ್ದೆ ಲೋಡ್ ಹಾಕಿ ಸಿಕ್ಕಾಕೊಂಡ್ರೆ ಫೈನ್ ಒಂದು ಕಡೆ, ಎಲ್ಲಾದ್ರೂ ಪಲ್ಟಿ ಆದ್ರೆ ಇನ್ಶೂರೆನ್ಸ್‌ನೋರು ಪರ್ಮಿಟ್ ಎಲ್ಲಿ ಅಂತ ಮೊದಲು ಕೇಳ್ತಾರೆ. ಖಾಲಿ ತನ್ನಿ. ಎನ್‌ಒಸಿ, ಸರೆಂಡರ್ ರಸೀದಿ, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಎಮಿಷನ್, ಸೇಲ್ ಅಗ್ರಿಮೆಂಟ್ ಒಂದು ಫೈಲಲ್ಲಿ ಕೈಗೆ ಸಿಗೋ ಹಂಗೆ ಇರ್ಲಿ, ಎಫ್‌ಸಿ ಮುಗಿದಿರೋ ಗಾಡಿ ಮಾತ್ರ ರೋಡಿಗೆ ಇಳಿಸ್ಲೇಬೇಡಿ.

ರೂಟ್ ನಿಮಗೆ ಗೊತ್ತೇ ಇರುತ್ತೆ. ಸೇಲಂ ದಾಟಿದ್ಮೇಲೆ ತೊಪ್ಪೂರು ಘಾಟ್, ಬರೋವಾಗ ನಮಗೆ ಏರು, ಅದೇ ನಿಮ್ಮ ಟೆಸ್ಟ್ ಡ್ರೈವ್ ಅಂದ್ಕೊಳ್ಳಿ. ಖಾಲಿ ಗಾಡಿಲೇ ಟೆಂಪರೇಚರ್ ಮುಳ್ಳು ಮೇಲೆ ಹೋದ್ರೆ, ಕ್ಲಚ್ ವಾಸ್ನೆ ಬಂದ್ರೆ, ನಿಮ್ ಬಜೆಟ್ಟಿಗೆ ಇನ್ನೊಂದಿಷ್ಟು ಸೇರಿಸ್ಕೊಳ್ಳಿ. ಬೆಂಗ್ಳೂರ್ ಒಳಗೆ ಹಗಲೊತ್ತು ಹೋಗೋ ಸಾಹಸ ಬೇಡ, ಅತ್ತಿಬೆಲೆ ದಾಟಿ ನೈಸ್ ರೋಡ್ ಹಿಡಿದು ತುಮಕೂರು ರೋಡಿಗೆ ಬಂದ್ಬಿಡಿ, ಆಮೇಲೆ ಸಿರಾ, ಹಿರಿಯೂರು, ಮನೆ. ಹೊರಡೋ ಮುಂಚೆ ಏರ್ ಲೀಕ್, ಬ್ರೇಕ್, ಟೈರ್ ನೋಡಿ. ರಿಸೋಲ್ ಟೈರ್ (ಹಳೇ ಟೈರಿಗೆ ಹೊಸ ರಬ್ಬರ್ ಹಾಕಿದ್ದು) ಮುಂದೆ ಹಾಕಿದ್ರೆ ಅಲ್ಲೇ ಬದಲಾಯಿಸಿ, ಇದರಲ್ಲಿ ಜಿಪುಣತನ ಬೇಡ.

ತುಮಕೂರು ಟೆಂಪೋ:
ಫಾಸ್ಟ್ಯಾಗ್ ಯಾರೂ ಹೇಳಿಲ್ಲ. ಹಳೇ ಓನರ್ ಟ್ಯಾಗ್ ಅವ್ರಿಂದಲೇ ಕ್ಲೋಸ್ ಮಾಡಿಸಿ, ಇಲ್ಲ ಅಂದ್ರೆ ಒಂದು ಗಾಡಿಗೆ ಎರಡು ಟ್ಯಾಗ್ ಅಂತ ನಿಮ್ದು ಬ್ಲಾಕ್ ಆಗುತ್ತೆ, ಕ್ಯಾಶ್ ಕೊಟ್ರೆ ಹತ್ತು ಚಕ್ರಕ್ಕೆ ಡಬಲ್ ಟೋಲ್ ಅಂದ್ರೆ ಎಷ್ಟು ಅಂತ ಲೆಕ್ಕ ಹಾಕಿ. ಕೆಎ ನಂಬರ್ ಬಂದ್ಮೇಲೆ ಮತ್ತೆ ಟ್ಯಾಗಲ್ಲಿ ನಂಬರ್ ಚೇಂಜ್ ಮಾಡಿಸ್ಬೇಕು, ಇನ್ಶೂರೆನ್ಸಲ್ಲೂ.

ಎರಡು ಗಾಡಿ ಓನರ್:
ಹೌದು ಅದು ಮರೆತಿದ್ದೆ. ಇಲ್ಲಿಗೆ ಬಂದ್ಮೇಲೆ 27ನೇ ಫಾರಂ ಹಾಕಿ ಹೊಸ ನಂಬರ್, ಜೊತೆಗೆ ಟ್ರಾನ್ಸ್‌ಫರ್, ಗಾಡಿ ಇನ್ಸ್‌ಪೆಕ್ಷನ್, ಎಚ್‌ಎಸ್‌ಆರ್‌ಪಿ ಪ್ಲೇಟ್. ಟ್ಯಾಕ್ಸ್ ನನಗೆ ಎನ್‌ಒಸಿ ತಾರೀಕಿಂದ ಲೆಕ್ಕ ಹಾಕಿದ್ರು, ಆದ್ರಿಂದ ಎನ್‌ಒಸಿ ತಗೊಂಡು ಸುಮ್ನೆ ಇಟ್ಕೊಂಡು ಕೂತ್ಕೋಬೇಡಿ. ಮತ್ತೆ 2018ರ ಗಾಡಿ ಅಂದ್ರಿ, ಎಂಟು ವರ್ಷ ಆದ್ಮೇಲೆ ಎಫ್‌ಸಿ ಎರಡು ವರ್ಷಕ್ಕೆ ಸಿಗಲ್ಲ, ವರ್ಷ ವರ್ಷ ಮಾಡಿಸ್ಬೇಕು. ನ್ಯಾಷನಲ್ ಪರ್ಮಿಟ್ ಬೇಕಾದ್ರೆ ವರ್ಷಕ್ಕೆ 16,500 ಪ್ಲಸ್ ಆಥರೈಸೇಶನ್ 1,000. ಹತ್ತು ಚಕ್ರ ಮಲ್ಟಿ ಆಕ್ಸಲ್ ಆಗಿರೋದ್ರಿಂದ 15 ವರ್ಷದವರೆಗೂ ಕೊಡ್ತಾರೆ, ಆರು ಚಕ್ರದ್ದಾಗಿದ್ರೆ 12ಕ್ಕೇ ಮುಗೀತು. ಹಿಂಡಿ ಬರೀ ಕರ್ನಾಟಕದೊಳಗೇ ಹೊಡೀತೀರಾ ಅಂದ್ರೆ ಸ್ಟೇಟ್ ಪರ್ಮಿಟ್ ಸಾಕು, ಸುಮ್ನೆ ಯಾಕೆ ಕಟ್ತೀರ.

ಇದೆಲ್ಲ ಕೂಡಿಸಿ, ಎರಡು ಮೂರು ತಿಂಗಳ ಇಎಂಐ ದುಡಿಮೆ ಇಲ್ದೆ ಕಟ್ಟೋದೂ ಸೇರಿಸಿ ನೋಡಿ. ಆಮೇಲೂ ರೇಟ್ ಕಮ್ಮಿ ಅನ್ಸಿದ್ರೆ ತಗೊಳ್ಳಿ. ನನಗೆ ಕೊನೆಗೆ ಉಳಿದಿದ್ದು 40 ಸಾವಿರ, ಐದು ತಿಂಗಳ ತಲೆನೋವಿಗೆ.

ಚಳ್ಳಕೆರೆ ಹಿಂಡಿ ಲೋಡ್:
ಈಗ ಫೋನ್ ಮಾಡಿದ್ದೆ. ಎನ್‌ಒಸಿ ಆದ್ಮೇಲೇ ಬ್ಯಾಲೆನ್ಸ್ ಅಂದೆ, ಬ್ರೋಕರ್ ಕೂಗಾಡ್ದ, ಓನರ್ ಮಾತ್ರ ಆಯ್ತು ಅಂದ್ರು. ಆದ್ರೆ ಈಗ ಹೊಸ ರಾಗ, ಸ್ಟೆಪ್ನಿ, ಟಾರ್ಪಾಲ್ ರೇಟಲ್ಲಿ ಸೇರಿಲ್ವಂತೆ.

ಹುಬ್ಬಳ್ಳಿ ಕಾಕಾ:
ಟಾರ್ಪಾಲ್ ಬಿಡ್ರಿ, ಹ್ಯಾಂಗೂ ಹರದಿರ್ತದ. ಸ್ಟೆಪ್ನಿ, ಜ್ಯಾಕು ಅಗ್ರಿಮೆಂಟ್‌ನಾಗ ಬರಸ್ರಿ.