ಲೋಡರ್ ಬಕೆಟ್ ನಡುಗುತ್ತಾ ಏಳುತ್ತಿದೆ, ಪಂಪು ಬದಲಿಸಬೇಕಾ?

ಪ್ರಶ್ನೆ: ಅಣ್ಣಾ ನಮಸ್ಕಾರ. ತಿಪಟೂರು ಕಡೆ ನಮ್ಮ ತೆಂಗಿನ ತೋಟ. 27 ಎಚ್‌ಪಿ ಮಿನಿ ಟ್ರ್ಯಾಕ್ಟರ್‌ಗೆ ಮುಂದೆ ಲೋಡರ್ ಹಾಕಿಸಿದ್ದೇವೆ, ಗೊಬ್ಬರ, ಮಣ್ಣು ತುಂಬುವುದಕ್ಕೆ. ಹೋದ ತಿಂಗಳು ಹೈಡ್ರಾಲಿಕ್ (ಬಕೆಟ್, ಲಿಫ್ಟ್ ಎತ್ತುವ) ಆಯಿಲ್, ಅದರ ಫಿಲ್ಟರ್ ಬದಲಾಯಿಸಿದೆವು. ಆಮೇಲಿಂದ ಬಕೆಟ್ ನಿಧಾನ, ನಡುಗುತ್ತಾ ಏಳುತ್ತದೆ. ಕುಂಯ್ ಅಂತ ಶಬ್ದ ಬೇರೆ. ಹಿಂದಿನ ಲಿಫ್ಟೂ ಸುಸ್ತಾಗಿದೆ. ಇಲ್ಲಿನ ಮೆಕ್ಯಾನಿಕ್ ಪಂಪು ಹೋಗಿದೆ ಅಂತಾರೆ. ಹಾಕಿಸಿಬಿಡಲಾ?

ಮೆಕ್ಯಾನಿಕ್ ಉತ್ತರ: ಈಗಲೇ ಬೇಡ. ನೀವು ಹೇಳಿದ್ದರಲ್ಲೇ ಎರಡು ಸುಳಿವು ಇವೆ. ಮುಂದೆ, ಹಿಂದೆ ಎರಡೂ ಸುಸ್ತಾಗಿವೆ ಅಂದರೆ ತೊಂದರೆ ಎರಡಕ್ಕೂ ಸೇರಿದ ಜಾಗದಲ್ಲಿದೆ: ಆಯಿಲ್, ಫಿಲ್ಟರ್, ಹೀರುವ ಪೈಪು, ಪಂಪು. ಹಿಂದಿನ ಲಿಫ್ಟ್ ಚೆನ್ನಾಗಿದ್ದು ಲೋಡರ್ ಮಾತ್ರ ಸುಸ್ತಾಗಿದ್ದರೆ ಲಿವರ್ ಕೆಳಗಿನ ವಾಲ್ವ್, ಹೋಸ್ ಸೇರಿಸುವ ಕಪ್ಲರ್ ನೋಡಿ ಅನ್ನುತ್ತಿದ್ದೆ. ಇನ್ನೊಂದು, ಇದು ಶುರುವಾಗಿದ್ದು ಫಿಲ್ಟರ್ ಬದಲಾಯಿಸಿದ ಮೇಲೆ. ಸರಿಯಾಗಿದ್ದ ಪಂಪು ಅದೇ ದಿನ ಸವೆಯುತ್ತದಾ?

ಅರ್ಧ ಗಂಟೆ ಕೆಲಸ ಮಾಡಿಸಿ, ಎಂಜಿನ್ ನಿಲ್ಲಿಸಿ, ತಕ್ಷಣ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿ. ನೊರೆ ಇದ್ದರೆ ಆಯಿಲ್ ಜೊತೆ ಗಾಳಿ ಹೋಗುತ್ತಿದೆ. ಗಾಳಿ ಅದುಮಿದರೆ ಕುಗ್ಗುತ್ತದೆ, ಆಯಿಲ್ ಹೆಚ್ಚುಕಮ್ಮಿ ಕುಗ್ಗುವುದಿಲ್ಲ. ಅದಕ್ಕೇ ಬಕೆಟ್ ನಡುಗುವುದು. ಹಾಲು ಬೆರೆಸಿದ ಬಣ್ಣ ಇದ್ದು, ರಾತ್ರಿ ಬಿಟ್ಟರೂ ತಿಳಿಯಾಗದಿದ್ದರೆ ನೀರು ಸೇರಿದೆ, ಆಗ ಆಯಿಲ್ ಪೂರ್ತಿ ತೆಗೆಯಬೇಕು. ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಜಾಸ್ತಿ ಗೇರ್‌ಬಾಕ್ಸ್ ಆಯಿಲ್ಲೇ ಹೈಡ್ರಾಲಿಕ್‌ಗೂ ಓಡುವುದರಿಂದ ಇದನ್ನು ಮುಂದಕ್ಕೆ ಹಾಕಬೇಡಿ. ಲೆವೆಲ್ ನೋಡುವಾಗ ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಬಕೆಟ್ಟು, ಹಿಂದಿನ ಲಿಫ್ಟು ಎರಡೂ ಕೆಳಗಿರಲಿ. ಬಕೆಟ್ ಎತ್ತಿಟ್ಟು ಅಳೆದರೆ ಆಯಿಲ್ ಕಮ್ಮಿ ತೋರಿಸುತ್ತದೆ, ನೀವು ಸುಮ್ನೆ ಹೆಚ್ಚು ತುಂಬಿಬಿಡುತ್ತೀರಿ.

ನೊರೆ ಇದ್ದರೆ ಟ್ಯಾಂಕಿನಿಂದ ಪಂಪಿನವರೆಗಿನ ದಾರಿ ನೋಡಿ. ಅಲ್ಲಿ ಪಂಪು ಹೀರುತ್ತಿರುತ್ತದೆ. ಹಾಗಾಗಿ ಸಂದು ಬಿಟ್ಟಿದ್ದರೂ ಓಡುವಾಗ ಆಯಿಲ್ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಸೋರಿಕೆ ಕಾಣಲಿಲ್ಲ ಅಂತ ಬಿಡುವುದು ಇಲ್ಲೇ. ಫಿಲ್ಟರ್ ಬಾಯಿಯ ಹಳೇ ರಬ್ಬರ್ ರಿಂಗ್ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತಿರಬಹುದು. ರಬ್ಬರ್ ಪೈಪಿನ ಕ್ಲಿಪ್ ಸಡಿಲ ಇರಬಹುದು. ಎಂಜಿನ್ ಸ್ಲೋ ಬಿಟ್ಟು ಒಂದೊಂದೇ ಜೋಡಣೆಗೆ ಗ್ರೀಸ್ ದಪ್ಪಗೆ ಬಳಿಯಿರಿ. ಶಬ್ದ ಎಲ್ಲಿ ಬದಲಾಗುತ್ತದೋ ಅದೇ ಜಾಗ. ಫ್ಯಾನು, ಬೆಲ್ಟಿನ ಕಡೆ ಕೈ ಹೋಗದಿರಲಿ.

ಇಷ್ಟಾದರೂ ಸರಿಹೋಗದಿದ್ದರೆ ಗೇಜ್ ಹಾಕಿಸಿ ಪ್ರೆಶರ್ ಅಳೆಸಿ, ಗಾಡಿಯ ಪುಸ್ತಕದಲ್ಲಿರುವ ಅಂಕಿಗೆ ಹೋಲಿಸಿ. ಅಳೆಯದೆ ಪಂಪು ಬದಲಿಸಿ ಅನ್ನುವವರ ಮಾತು ಕೇಳಬೇಡಿ. ರಿಲೀಫ್ ವಾಲ್ವ್ ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತದೆ ಅನ್ನುವವರೂ ಸಿಗುತ್ತಾರೆ. ಅದು ಪ್ರೆಶರ್ ಎಲ್ಲಿಗೆ ನಿಲ್ಲಬೇಕು ಅನ್ನುವುದಕ್ಕೆ ಇರುವುದು. ವೇಗ ಬರುವುದು ಪಂಪು ಕಳಿಸುವ ಆಯಿಲ್‌ನಿಂದ. ಸುಮ್ನೆ ಬಿಗಿ ಮಾಡಿದರೆ ಹೋಸ್ ಒಡೆಯಬಹುದು.

ಪ್ರಶ್ನೆ ಕೇಳಿದವರು: ನೊರೆ ಇತ್ತು ಅಣ್ಣಾ. ಫಿಲ್ಟರ್ ಬಿಚ್ಚಿದೆ, ನೀವು ಹೇಳಿದ ಹಾಗೇ ಎರಡು ರಿಂಗ್! ಒಂದು ತೆಗೆದು ಹಾಕಿದೆ. ಶಬ್ದ ಹೋಯ್ತು, ನೊರೆ ಇನ್ನೂ ಸ್ವಲ್ಪ ಇದೆ.

ಮೆಕ್ಯಾನಿಕ್: ಅದು ತಾನಾಗೇ ಇಳಿಯುತ್ತದೆ. ಖಾಲಿ ಬಕೆಟ್ಟನ್ನು ನಿಧಾನಕ್ಕೆ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿ, ಒಂದು ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಮತ್ತೆ ಲೆವೆಲ್ ನೋಡಿ.

ಇನ್ನೊಬ್ಬರು: ಸರ್, ನಮ್ಮದು ಬೇರೆ ಕಥೆ. ಎತ್ತುವುದು ಸರಿಯಾಗೇ ಎತ್ತುತ್ತದೆ. ಆದರೆ ಎತ್ತಿ ನಿಲ್ಲಿಸಿದರೆ ತಾನಾಗೇ ಇಳಿಯುತ್ತದೆ. ಜಾಕ್ (ಎತ್ತುವ ಸಿಲಿಂಡರ್) ಸೀಲ್ ಹಾಕಿಸಬೇಕು ಅಲ್ವಾ?

ಮೆಕ್ಯಾನಿಕ್: ಇಳಿಯುವುದು ಬಕೆಟ್ ಹಿಡಿದಿರುವ ತೋಳಾ, ಬಕೆಟ್ ಬಾಯಾ? ಅದರ ಮೇಲೆ ಉತ್ತರ ಬೇರೆ. ತೋಳೇ ಇಳಿಯುತ್ತಿದ್ದರೆ ಮೊದಲ ಅನುಮಾನ ಲಿವರ್ ಕೆಳಗಿನ ವಾಲ್ವ್ ಮೇಲೆ. ಯಾಕೆ ಅಂದರೆ, ಜಾಕ್ ಒಳಗಿನ ಸೀಲ್ ಹೋಗಿ ಆಯಿಲ್ ಆ ಕಡೆಯಿಂದ ಈ ಕಡೆ ಬಂದರೂ, ಎರಡೂ ಹೋಸ್ ಮುಚ್ಚಿದ್ದಾಗ ರಾಡ್ ಒಳಗೆ ಬರಲು ಜಾಗ ಇರುವುದಿಲ್ಲ. ಅಷ್ಟು ಆಯಿಲ್ ಹೊರಗೆ ಹೋದರೇ ತೋಳು ಇಳಿಯುವುದು. ಹೊರಗೆ ಹೋಗುವ ದಾರಿ ವಾಲ್ವೇ, ಇಲ್ಲವೇ ಕಣ್ಣಿಗೆ ಕಾಣುವ ಸೋರಿಕೆ.

ಬಕೆಟ್ ಬಾಯಿ ಮುಂದಕ್ಕೆ ಬಾಗುತ್ತಿದ್ದರೆ ಲೆಕ್ಕ ಬೇರೆ. ಅಲ್ಲಿ ಭಾರ ರಾಡನ್ನು ಹೊರಗೆ ಎಳೆಯುತ್ತದೆ, ಹಾಗಾಗಿ ಸೀಲ್ ಮೇಲೂ ಅನುಮಾನ ಬರುತ್ತದೆ. ತೋಳು ನೆಲಕ್ಕೆ ಇಳಿಸಿ, ಬಕೆಟ್ ಪೂರ್ತಿ ಹಿಂದಕ್ಕೆ ಮಡಚಿ, ಎಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಪ್ರೆಶರ್ ಬಿಡಿ. ಬಕೆಟ್ ಜಾಕ್ ಹಿಂಬದಿಯ ಹೋಸ್ ಬಿಚ್ಚಿ, ಹೋಸ್ ಬಾಯಿಗೆ ಡಮ್ಮಿ (ಮುಚ್ಚುವ ಬಿರಡೆ) ಹಾಕಿ. ಎಂಜಿನ್ ಶುರು ಮಾಡಿ, ದೂರ ನಿಲ್ಲುವಂತೆ ಎಲ್ಲರಿಗೂ ಹೇಳಿ, ಇನ್ನೂ ಹಿಂದಕ್ಕೆ ಮಡಚುವ ಹಾಗೆ ಲಿವರ್ ಎಳೆಯಿರಿ. ಬಿಚ್ಚಿದ ಬಾಯಿಂದ ಆಯಿಲ್ ನಿಲ್ಲದೆ ಬಂದರೆ ಸೀಲ್ ಹೋಗಿದೆ. ಎರಡು ಜಾಕ್ ಇದ್ದರೆ ಒಂದೊಂದೇ ನೋಡಿ.

ಇನ್ನೊಬ್ಬರು: ತೋಳೇ ಸರ್. ಹೋಸ್ ಹತ್ತಿರ ಸ್ವಲ್ಪ ಒದ್ದೆ ಇದೆ, ಬೆರಳಲ್ಲಿ ಸವರಿ ನೋಡುತ್ತೇನೆ.

ಮೆಕ್ಯಾನಿಕ್: ಬೇಡ ಬೇಡ! ಸೂಜಿಮೊನೆ ತೂತಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕಿಯಷ್ಟೇ ಕಾಣಿಸಿದರೂ ಒಳಗೆ ಕೈ ಕೊಳೆಯುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಕಾಯದೆ, ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗೆ ಕೂಡಲೇ ಹೋಗಬೇಕು. ರಟ್ಟಿನ ತುಂಡು ಹಿಡಿದು ನೋಡಿ, ಸೋರುವ ಜಾಗದಲ್ಲಿ ಗುರುತು ಬೀಳುತ್ತದೆ. ಎತ್ತಿದ ತೋಳಿನ ಕೆಳಗೆ ಮಾತ್ರ ಹೋಗಬೇಡಿ, ನಿಮ್ಮದು ಮೊದಲೇ ಇಳಿಯುತ್ತಿದೆ.